ಉಳಿದ ಅನ್ನ, ಬೂಜು ಹಿಡಿದ ರೊಟ್ಟಿ: ಸಂಪಾದಕರ ಉತ್ತರ

ಸಿಂಧನೂರಿನ ಓದುಗರೊಬ್ಬರು ಕೇಳಿದ್ದಾರೆ: “ಬ್ಯಾಸಗಿ ಬಂತಂದ್ರ ರಾತ್ರಿ ಉಳಿದ ಅನ್ನ ಚಲ್ಲಾಕ ಮನಸ್ಸು ಬರಂಗಿಲ್ಲ. ವಾಸನಿ ಇಲ್ದಿದ್ರ ಮುಂಜಾನೆ ಒಗ್ಗರಣಿ ಹಾಕಿ ತಿನ್ನಬಹುದಾ? ಡಬ್ಬಿಯಾಗಿನ ರೊಟ್ಟಿಗೂ ಬೂಜು ಹಿಡೀತದ, ಯಾಕ?”

ರಾತ್ರಿಯಿಡೀ ಹೊರಗಿದ್ದ ಅನ್ನ ಬೇಡ, ವಾಸನೆ ಇರದಿದ್ದರೂ ಬೇಡ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಕುದಿಯುವ ನೀರಿನಲ್ಲೂ ಅವು ಉಳಿದುಕೊಳ್ಳುತ್ತವೆ. ಬೆಂದ ಅನ್ನ ಬೆಚ್ಚಗೇ ಇದ್ದರೆ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ಜಗ್ಗುವುದಿಲ್ಲ.

ಆದ್ದರಿಂದ ಅನ್ನ ಉಳಿಸುವ ಕೆಲಸ ಮುಂಜಾನೆಯದಲ್ಲ, ರಾತ್ರಿಯದು. ಕುಕ್ಕರಿನಲ್ಲೇ ಮುಚ್ಚಿಟ್ಟರೆ ನಡುವಿನ ಅನ್ನ ತಾಸುಗಟ್ಟಲೆ ಬೆಚ್ಚಗಿರುತ್ತದೆ. ಊಟಕ್ಕೆ ಕೂರುವ ಮುನ್ನವೇ ಹೆಚ್ಚಾಗುವಷ್ಟನ್ನು ತೆಗೆದು, ಅಗಲವಾದ ಪರಾತದಲ್ಲಿ ಒಂದು ಬೆರಳು ದಪ್ಪಕ್ಕೆ ಹರವಿ, ಫ್ಯಾನಿನ ಕೆಳಗೆ 15–20 ನಿಮಿಷ ಆರಿಸಿ. ಆಮೇಲೆ ತಗ್ಗಾದ ಡಬ್ಬಿಗೆ ಹಾಕಿ ಫ್ರಿಜ್ಜಿಗೆ. ನಮ್ಮ ಕಡೆಯ ಬೇಸಿಗೆಯಲ್ಲಿ, ಅಂದರೆ 32 ಡಿಗ್ರಿ ಮೀರಿದಾಗ, ಒಂದು ತಾಸಿನೊಳಗೆ ಇದೆಲ್ಲ ಮುಗಿಯಬೇಕು. ಮರುದಿನವೇ, ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲಕ್ಕೆ ಮುಗಿಸಿ. ಕರೆಂಟು ಹೋದರೆ ಬಾಗಿಲು ತೆರೆಯದ ಫ್ರಿಜ್ ಸುಮಾರು 4 ತಾಸು ತಂಪು ಹಿಡಿದಿಡುತ್ತದೆ, ಅದಕ್ಕಿಂತ ಹೆಚ್ಚು ನಂಬಬೇಡಿ.

ಫ್ರಿಜ್ ಇಲ್ಲದ ಮನೆಯಲ್ಲಿ ಅಳತೆಯೊಂದೇ ದಾರಿ. ಒಂದು ಲೋಟ ಸೋನಾ ಮಸೂರಿ ಬೆಂದು ಸುಮಾರು ಮೂರು ಲೋಟವಾಗುತ್ತದೆ. ರೊಟ್ಟಿಯೂ ಇರುವ ಊಟಕ್ಕೆ ತಲೆಗೆ ಅರ್ಧ ಹಿಡಿ ಅಕ್ಕಿ ಸಾಕು.

ಇನ್ನು ಜೋಳದ ರೊಟ್ಟಿ. ಬೂಜಿಗೆ ಕಾರಣ ತೇವ. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ ಮುಚ್ಚಿದರೆ ಹಬೆ ನೀರಾಗಿ ಇಳಿಯುತ್ತದೆ. ತೆಳ್ಳಗೆ ಬಡಿದು ಬೇಯಿಸಿದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಅಂಚು, ನಡು ಎಲ್ಲ ಒತ್ತುತ್ತ ಕಡಕ್ ಮಾಡಿ. ನಡುವಿನ ಭಾಗ ಬಾಗದೆ ಪಟ್ಟನೆ ಮುರಿಯಬೇಕು. ಅಂಚು ಮುರಿದರೆ ಸಾಲದು, ಹಸಿ ಉಳಿಯುವುದೇ ನಡುವಿನಲ್ಲಿ. ಬಿಡಿಬಿಡಿಯಾಗಿ ನಿಲ್ಲಿಸಿ ಪೂರ್ತಿ ಆರಿಸಿ, ಆಮೇಲೆ ಡಬ್ಬಿಗೆ ತುಂಬಿ. ಬೂಜು ಕಂಡ ರೊಟ್ಟಿಯನ್ನು ಕೆರೆದು ತಿನ್ನುವ ರೂಢಿ ಬಿಡಿ, ಬೇರು ಒಳಗೆ ಇಳಿದಿರುತ್ತದೆ.

ಡಬ್ಬಿಯ ತಳದಲ್ಲಿ ಉಳಿದ, ಬೂಜಿಲ್ಲದ ಮುರುಕನ್ನು ಮಾತ್ರ ದಯವಿಟ್ಟು ಎಸೆಯಬೇಡಿ. ನಾಲ್ಕು ರೊಟ್ಟಿಯಷ್ಟು ಮುರುಕಿಗೆ ಅರ್ಧ ಬಟ್ಟಲು ಮಜ್ಜಿಗೆ ಚಿಮುಕಿಸಿ ಐದು ನಿಮಿಷ ಬಿಡಿ. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಮಜ್ಜಿಗೆ ಹೆಚ್ಚಾದರೆ ಮುದ್ದೆಯಾಗುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹುರಿದು ಬೆರೆಸಿ, ಇಳಿಸಿದ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ.