ಕೆಂಪು ಪೆನ್ನಿನ ಲೆಕ್ಕ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ಮಗಳಿಗೆ ಗಣಿತದಲ್ಲಿ 58 ಅಂಕ, ಪಕ್ಕದ ಮನೆ ಹುಡುಗನಿಗೆ 91. ಇವಳು ಊಟ ಬಿಟ್ಟು ಕೂತಿದ್ದಾಳೆ. ಅಂಕವೂ ಸುಳ್ಳು ಹೇಳುತ್ತದೆಯೇ?

ಉತ್ತರ: ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಪ್ಪತ್ತೇಳು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಬೆಳಿಗ್ಗೆಯ ಕೈ ಬೇರೆ, ಮಧ್ಯಾಹ್ನ ತೂಕಡಿಸುವಾಗಿನ ಕೈ ಬೇರೆ. ಒಮ್ಮೆ ನನ್ನ ಮೇಲೆ ನನಗೇ ಅನುಮಾನ ಬಂದು, ತಿದ್ದಿಟ್ಟ ಹತ್ತು ಪತ್ರಿಕೆಗಳ ಅಂಕ ಮುಚ್ಚಿ ವಾರದ ಮೇಲೆ ಮತ್ತೆ ತಿದ್ದಿದೆ. ನಾಲ್ಕರಲ್ಲಿ ಐದಕ್ಕೂ ಹೆಚ್ಚು ಅಂಕ ಆಚೀಚೆ. ಫೇಲಾಗಿದ್ದ ಒಬ್ಬ ಪಾಸಾಗಿದ್ದ. ಅಂಕಪಟ್ಟಿ ಆಗಲೇ ಅವನ ಮನೆ ಸೇರಿತ್ತು. ತಪ್ಪಾಯಿತು ಎನ್ನುವ ಧೈರ್ಯ ನನಗೆ ಬರಲಿಲ್ಲ.

ಗಣಿತದಲ್ಲಿ ಹಾಗಾಗದು ಅನ್ನಬೇಡಿ. 1913ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದರು. ಬಂದ ಅಂಕ 28ರಿಂದ 95ರವರೆಗೆ!

ಮೊದಲು ಮಗಳಿಗೆ ಊಟ ಮಾಡಿಸಿ. ಆಮೇಲೆ ಹೋದ 42 ಅಂಕ ಎಲ್ಲೆಲ್ಲಿ ಹೋಯಿತೆಂದು ಇಬ್ಬರೂ ಕೂತು ನೋಡಿ. ಒಂದೇ ಪಾಠದಲ್ಲಿ ಹೋಗಿದ್ದರೆ ಆ ಪಾಠ ಹೇಳಿಕೊಟ್ಟರಾಯಿತು.

ಪ್ರಶ್ನೆ: ಶಿಕ್ಷಣ ಹಕ್ಕು ಅನ್ನುತ್ತಾರೆ. ಹಕ್ಕಾದರೆ ರ‍್ಯಾಂಕ್ ಯಾಕೆ?

ಉತ್ತರ: ಸೀಟು ಕಡಿಮೆ ಇರುವುದಕ್ಕೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿಯ ಪ್ರಕಾರ ಪ್ರಾಥಮಿಕ ಶಿಕ್ಷಣ ಉಚಿತ, ಕಡ್ಡಾಯ. ‘ಅರ್ಹತೆ’ಯ ಮಾತು ಬರುವುದು ಉನ್ನತ ಶಿಕ್ಷಣಕ್ಕೆ ಮಾತ್ರ. ನಾವು ಅದನ್ನು ಒಂದನೇ ಕ್ಲಾಸಿನವರೆಗೂ ಎಳೆದು ತಂದಿದ್ದೇವೆ.

ಸಾವಿರ ಜನಕ್ಕೆ ಹತ್ತೇ ಸೀಟಿದ್ದರೆ, ಅಷ್ಟೂ ಜನ 99 ತೆಗೆದರೂ 990 ಮಂದಿ ಹೊರಗೇ. ಕೊರತೆ ಸೀಟಿನದು, ಬೈಗುಳ ಮಕ್ಕಳಿಗೆ. ನನ್ನ ಸಿಟ್ಟೆಲ್ಲ ಇದರ ಮೇಲೆಯೇ.

ಪ್ರಶ್ನೆ: ದೇಶದ ಅಭಿವೃದ್ಧಿ ಪರೀಕ್ಷಾ ಫಲಿತಾಂಶದಲ್ಲಿ ಕಾಣುವುದಿಲ್ಲವೇ?

ಉತ್ತರ: ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಮುಂದಾಳತ್ವದಲ್ಲಿ 1990ರಲ್ಲಿ ಶುರುವಾದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಆಯಸ್ಸು, ಆದಾಯಗಳ ಜತೆ ಶಿಕ್ಷಣವನ್ನೂ ಅಳೆಯುತ್ತದೆ. ಈಗ ಅಲ್ಲಿ ಲೆಕ್ಕಕ್ಕೆ ಬರುವುದು ಶಾಲೆಯಲ್ಲಿ ಕಳೆಯುವ ವರ್ಷಗಳು, ಅಂಕಗಳಲ್ಲ. (ಬೆಂಚಿನ ಮೇಲೆ ನಿದ್ದೆ ಹೊಡೆದ ವರ್ಷವೂ ಸೇರುತ್ತದೆ ಅನ್ನಿ.) ಆದರೂ ನಡುವೆ ಶಾಲೆ ಬಿಟ್ಟವನು ಅಲ್ಲಿ ನಷ್ಟವಾಗಿ ಕಾಣುತ್ತಾನೆ. ಶಾಲೆಯ ಫಲಿತಾಂಶದ ಬೋರ್ಡಿನಲ್ಲಿ ಅವನು ಕಾಣುವುದೇ ಇಲ್ಲ. ಓದಿನಲ್ಲಿ ಹಿಂದಿದ್ದ ಮಕ್ಕಳನ್ನು ಪರೀಕ್ಷೆಗೇ ಕೂರಿಸದೆ ಶೇಕಡಾ 100 ಬರೆಸಿಕೊಂಡ ಶಾಲೆಯೊಂದರಲ್ಲಿ ನಾನೂ ಸಂಬಳ ತಿಂದಿದ್ದೇನೆ.

ಪ್ರಶ್ನೆ: ಹಾಗಾದರೆ ಪರೀಕ್ಷೆಯನ್ನೇ ತೆಗೆದುಹಾಕೋಣವೇ?

ಉತ್ತರ: ಬೇಡಪ್ಪಾ! ಪರೀಕ್ಷೆ ಹೋದ ಜಾಗಕ್ಕೆ ವಶೀಲಿ ಬಂದು ಕೂರುತ್ತದೆ. ಚೀನಾದಲ್ಲಿ ಅಧಿಕಾರಿಗಳನ್ನು ಆರಿಸಲು ಸುಮಾರು 1,300 ವರ್ಷ ನಡೆದು 1905ರಲ್ಲಿ ನಿಂತ ಪರೀಕ್ಷೆಯಿತ್ತಲ್ಲ, ಸಾಂಗ್ ಅರಸರ ಕಾಲದಲ್ಲಿ ಅದರ ಉತ್ತರಗಳನ್ನೆಲ್ಲ ಗುಮಾಸ್ತರು ನಕಲು ಮಾಡಿ ಪರೀಕ್ಷಕರಿಗೆ ಕೊಡುತ್ತಿದ್ದರು, ಕೈಬರಹ ನೋಡಿ ಯಾರ ಮಗನೆಂದು ಗುರುತು ಹಿಡಿಯಬಾರದೆಂದು. ಆ ಎಚ್ಚರ ನನಗೆ ಇಷ್ಟ. ನಾನು ಕೇಳುವುದು ಇಷ್ಟೇ: ಫೇಲಾದವರಿಗೆ ಮತ್ತೆ ಬರೆಯಲು ಬಿಡಿ, ಪ್ರತಿ ಪತ್ರಿಕೆಯನ್ನೂ ಇಬ್ಬರು ತಿದ್ದಲಿ. ಮೊದಲನೆಯವರು ಹಾಕಿದ ಅಂಕ ಎರಡನೆಯವರ ಕಣ್ಣಿಗೆ ಬೀಳಬಾರದು.