ಕಂದು ಬಣ್ಣ, ಒಂದಿಷ್ಟು ಗುಂಡಿ

ಪತ್ರ: ಕಳೆದ ಸಂಚಿಕೆಯಲ್ಲಿ ಮಂಗಳಯಾನ ಕಳಿಸಿದ ಮೊದಲ ಚಿತ್ರ ಹಾಕಿದ್ದೀರಿ. ಬರೀ ಕಂದು ಬಣ್ಣ, ಒಂದಿಷ್ಟು ಗುಂಡಿ. ಅಮೆರಿಕದವರ ಚಿತ್ರಗಳು ಎಷ್ಟೋ ಚೆನ್ನಾಗಿರುತ್ತವೆ, ಅವನ್ನೇ ಹಾಕಬಾರದಿತ್ತಾ?

ಸಂಪಾದಕರ ಉತ್ತರ: ಅಮೆರಿಕದ ಚಿತ್ರಗಳು ಜಾಸ್ತಿ ಸ್ಪಷ್ಟ, ಒಪ್ಪಿದೆ. ಅವರ ಹೈರೈಸ್ ಕ್ಯಾಮೆರಾಕ್ಕೆ ಮಂಗಳನ ಮೇಲಿನ ಬಂಡೆಗಳೂ ಕಾಣುತ್ತವೆ. ಆದರೆ ಆ ಕ್ಯಾಮೆರಾ ಒಂದೇ 60 ಕಿಲೋ ದಾಟುತ್ತದೆ. ನಮ್ಮದು ಒಂದೂಕಾಲು ಕಿಲೋ ಚಿಲ್ಲರೆ!

ನೀವು ಚಿತ್ರ ನೋಡಿದ್ದೀರಿ, ಕೆಳಗಿನ ಸಾಲು ಬಿಟ್ಟಿದ್ದೀರಿ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನೌಕೆ ಮಂಗಳನ ಕಕ್ಷೆ ಸೇರಿತು. ಮಾರನೇ ದಿನವೇ ಇಸ್ರೊ ಈ ಚಿತ್ರ ತೋರಿಸಿತು. ತೆಗೆದದ್ದು 7,300 ಕಿ.ಮೀ. ಎತ್ತರದಿಂದ. ಒಂದೊಂದು ಚುಕ್ಕಿಯೂ ನೆಲದ ಮೇಲೆ 376 ಮೀಟರ್. ಅಂದರೆ ಕಣ್ಣಿಗೆ ಬೀಳುವ ಸಣ್ಣ ಗುಂಡಿಯೂ ಕಿಲೋಮೀಟರುಗಟ್ಟಲೆ ಅಗಲ. ಇಷ್ಟು ತಿಳಿದ ಮೇಲೆ ಇನ್ನೊಮ್ಮೆ ನೋಡಿ, ದಯವಿಟ್ಟು.

ಅಮೆರಿಕದವರದೇ ಒಂದು ಕತೆ ಕೇಳಿ. 1971ರ ನವೆಂಬರಿನಲ್ಲಿ ಅವರ ಮ್ಯಾರಿನರ್ 9 ಮಂಗಳನನ್ನು ತಲುಪಿತು. ಬೇರೊಂದು ಗ್ರಹವನ್ನು ಸುತ್ತಿದ ಮೊದಲ ನೌಕೆ. ಚಿತ್ರ ಬಂದರೆ, ಅದರಲ್ಲಿ ಏನೂ ಇಲ್ಲ! ಇಡೀ ಗ್ರಹ ದೂಳಿನಲ್ಲಿ ಮುಳುಗಿತ್ತು. ಆ ಮಬ್ಬಿನಲ್ಲಿ ನಾಲ್ಕು ಕಪ್ಪು ಕಲೆ ಮಾತ್ರ. ಭೂಮಿಯಿಂದ ಆದೇಶ ಕಳಿಸಿ ನಕ್ಷೆ ತಯಾರಿಸುವ ಕೆಲಸ ಮುಂದೂಡಿದರು. ಅದೇ ಹೊತ್ತಿಗೆ ಹೋಗಿದ್ದ ಸೋವಿಯತ್ ನೌಕೆಗಳಿಗೆ ಹಾಗೆ ಹೇಳುವ ದಾರಿಯೇ ಇರಲಿಲ್ಲ. ಅವು ದೂಳಿನ ಚಿತ್ರವನ್ನೇ ತೆಗೆಯುತ್ತ ಹೋದವು. ದೂಳು ಇಳಿದ ಮೇಲೆ ಗೊತ್ತಾಯಿತು, ಆ ಕಲೆಗಳು ಜ್ವಾಲಾಮುಖಿಗಳ ನೆತ್ತಿ ಅಂತ. ದೂಳಿಗೂ ಮೇಲೆ ತಲೆ ಎತ್ತಿ ನಿಂತಿದ್ದವು. ಅದರಲ್ಲೊಂದು ಒಲಿಂಪಸ್ ಮಾನ್ಸ್, ಎವರೆಸ್ಟಿನ ಎರಡೂವರೆ ಪಟ್ಟು ಎತ್ತರ. ಚೆಂದದ ಚಿತ್ರ ಮಾತ್ರ ಬೇಕು ಅನ್ನುವವರಿಗೆ ಆ ನಾಲ್ಕು ಕಲೆ ಕಾಣುತ್ತಲೇ ಇರಲಿಲ್ಲ.

ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ. ಕಲಾವಿದರು ಬಿಡಿಸಿದ ಚಿತ್ರಕ್ಕೆ ಸುಮ್ನೆ 'ಮಂಗಳನ ಫೋಟೊ' ಅಂತ ಹೆಸರಿಟ್ಟು ತೋರಿಸುವವರ ಮೇಲೆ. ಯಾರು ತೆಗೆದರು, ಯಾವಾಗ, ಎಷ್ಟು ಎತ್ತರದಿಂದ, ಒಂದಕ್ಷರ ಇಲ್ಲ. ಅದನ್ನೇ ನೋಡಿ ಬೆಳೆದ ಕಣ್ಣಿಗೆ ನಿಜವಾದ ಮಂಗಳ ಸಪ್ಪೆ ಕಾಣದೆ ಇನ್ನೇನು? ಮಂಗಳಯಾನದ ಜೊತೆ ಮಾತಾಡುತ್ತಿದ್ದ 32 ಮೀಟರ್ ಅಗಲದ ಆಂಟೆನಾ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ನಮ್ಮ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ? ಹೇಳಿಕೊಡಬೇಕಾದವರಾದರೂ ಹೇಳಿದ್ದಾರಾ?

ಇನ್ನೊಂದು ಮಾತು. ಹೈರೈಸ್ ಇರುವ ನೌಕೆ ಸುತ್ತುವುದು ಬಹಳ ಹತ್ತಿರದಿಂದ. ಅಲ್ಲಿಂದ ಇಡೀ ಗ್ರಹ ಒಂದೇ ನೋಟಕ್ಕೆ ಸಿಗುವುದಿಲ್ಲ. ಮಂಗಳಯಾನದ ಕಕ್ಷೆಯ ದೂರದ ತುದಿ ಸುಮಾರು 77,000 ಕಿ.ಮೀ. ಹಾಗಾಗಿ ಕಕ್ಷೆ ಸೇರಿದ ಕೆಲವೇ ದಿನಗಳಲ್ಲಿ, 74,500 ಕಿ.ಮೀ. ಎತ್ತರದಿಂದ, ಅದು ಇಡೀ ಮಂಗಳನನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಿತು. ಉತ್ತರಾರ್ಧದಲ್ಲಿ ಎದ್ದಿದ್ದ ದೂಳಿನ ಬಿರುಗಾಳಿಯೂ ಅದರಲ್ಲಿದೆ. ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿ ಪುಟಕ್ಕೆ ಹಾಕುತ್ತೇವೆ. ನೋಡಿ, ಮತ್ತೆ ಬರೆಯಿರಿ.