ಬಾಟ್ಲಿ ಮುಗಿಯಿತೆಂದು ಹೇಳುವವರು

ರಾಯಚೂರಿನಲ್ಲಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬರುವ ನರ್ಸ್‌ಗಳು ಒಂಟಿತನ ಎಂಬ ಮಾತನ್ನು ಮೊದಲು ಎತ್ತುವುದಿಲ್ಲ. ನಿದ್ದೆ ಬರುತ್ತಿಲ್ಲ, ತಲೆನೋವು, ಊಟ ಸೇರುತ್ತಿಲ್ಲ ಎನ್ನುತ್ತಾರೆ. ಶರಣಮ್ಮನವರೂ ನಿದ್ದೆಯ ದೂರು ಹೊತ್ತೇ ಬಂದರು. (ಹೆಸರು ನಿಜವಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.) ವಯಸ್ಸು 29. ಮುದಗಲ್ಲ ಕಡೆಯ ಹಳ್ಳಿ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದು, ಖಾಸಗಿ ಆಸ್ಪತ್ರೆಯ ಜನರಲ್ ವಾರ್ಡ್, ಮಾಳಿಗೆ ಮೇಲೊಂದು ಬಾಡಿಗೆ ಕೋಣೆ.

ಮೊದಲ ಎರಡು ಭೇಟಿಗಳಲ್ಲಿ ನಾನೂ ನಿದ್ದೆಯನ್ನೇ ಹಿಡಿದು ಕುಳಿತೆ. ಅದಕ್ಕೆ ಕಾರಣವೂ ಇತ್ತು. ಮೈಯೊಳಗಿನ ಗಡಿಯಾರ ಬೆಳಕನ್ನು ನೋಡಿಕೊಂಡು ನಡೆಯುತ್ತದೆ. ರಾತ್ರಿಯಿಡೀ ಟ್ಯೂಬ್‌ಲೈಟಿನ ಕೆಳಗೆ ಓಡಾಡಿ, ಬೆಳಗಿನ ಬಿಸಿಲಲ್ಲಿ ಕೋಣೆ ಸೇರಿದವರಿಗೆ ನಿದ್ದೆ ತರುವ ಮೆಲಟೋನಿನ್ ಹೊತ್ತಿಗೆ ಸರಿಯಾಗಿ ಒದಗುವುದಿಲ್ಲ. ಅದರ ಮೇಲೆ ಮೇ ತಿಂಗಳ ನಮ್ಮ ಊರಿನ ಬಿಸಿಲು; ಮಾಳಿಗೆ ಕಾದ ಹೆಂಚಾಗಿರುತ್ತದೆ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ನಸುಕಿನ ಚಹಾ ಬಿಡಿ ಎಂದು ಹೇಳಿ ಕಳಿಸಿದ್ದೆ. ಅವರು ಮೂರನೆಯ ಸಲ ಬಾರದೇ ಇದ್ದಿದ್ದರೆ ಎಂದು ನೆನೆದರೆ ಇವತ್ತಿಗೂ ಕಳವಳವಾಗುತ್ತದೆ.

ಅಂದು ಅವರ ಎಡಗೈಯ ಮೇಲೆ ನೀಲಿಗಟ್ಟಿದ ಗುರುತಿತ್ತು. ಏನಾಯಿತೆಂದು ಕೇಳಿದೆ.

“ಜ್ವರ ಬಂದಿತ್ತು ಮೇಡಂ. ವಾಂತಿ ಆಗಿ ಸುಸ್ತಾಗಿತ್ತು. ನಾನ ಡ್ರಿಪ್ ಹಾಕ್ಕೊಂಡೆ.”

“ಜೊತೀಗೆ ಯಾರಿದ್ರು?”

“ಯಾರಿಲ್ಲರಿ. ಬಾಟ್ಲಿ ಮುಗೀತಂದ್ರ ಹೇಳಾಕ ಯಾರೂ ಇದ್ದಿಲ್ಲ. ಅದಕ್ಕ ಫೋನಿನ್ಯಾಗ ಅಲಾರಂ ಇಟ್ಕೊಂಡು ಮಲಗಿದ್ದೆ.”

ರೋಗಿಯ ಬಿ.ಪಿ. ಎಷ್ಟೆಂದು ಡಾಕ್ಟರಿಗೆ ಒಪ್ಪಿಸುವ ದನಿಯಲ್ಲೇ ಇದನ್ನೂ ಹೇಳಿದರು. ವಾರ್ಡಿನಲ್ಲಿ ಎಂಥ ಬಡವರಿಗೂ ಮಂಚದ ಪಕ್ಕ ಚಾಪೆ ಹಾಸಿಕೊಂಡು ಕಾಯುವವರು ಒಬ್ಬರಿರುತ್ತಾರೆ: ತಾಯಿಯೋ, ಅತ್ತಿಗೆಯೋ, ಓಣಿಯವರೋ. “ಸಿಸ್ಟರ್, ಬಾಟ್ಲಿ ಮುಗೀತ್ರಿ” ಎಂದು ರಾತ್ರಿ ಎರಡಕ್ಕೂ ಓಡಿ ಬರುವವರು ಅವರೇ. ಆ ಕೂಗಿಗೆ ಏಳು ವರ್ಷ ಎದ್ದು ಹೋದ ಹೆಣ್ಣುಮಗಳು ಇವರು.

ಸುತ್ತುಬಳಸದೆ ಕೇಳಿದೆ, “ಸಾಯಬೇಕು ಅಂತ ಯಾವಾಗರ ಅನ್ನಿಸೈತೇನ್ರಿ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಹಾಗಾಗುವುದಿಲ್ಲ. ಕೇಳದೆ ಬಿಡುವುದೇ ಅಪಾಯ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೆಂದರು, “ಸಾಯಬೇಕಂತಲ್ಲರಿ. ಸತ್ರ ಎಷ್ಟು ದಿನಕ್ಕ ಗೊತ್ತಾಗತೈತಿ ಅಂತ ಲೆಕ್ಕ ಹಾಕೀನಿ.” ಡ್ಯೂಟಿಗೆ ಬರಲಿಲ್ಲವೆಂದು ಇನ್‌ಚಾರ್ಜ್ ಸಿಸ್ಟರ್ ಫೋನ್ ಮಾಡುವ ತನಕ. ಮರುದಿನ ಆಫ್ ಇದ್ದರೆ ಎರಡು ದಿನ.

ಆ ವಾರವೇ ಮನೋವೈದ್ಯರ ಬಳಿ ಕಳಿಸಿದೆ. ಮಾತ್ರೆ ಬೇಕಾಗಲಿಲ್ಲ, ಆದರೆ ನೋಡದೆ ಹಾಗೆ ತೀರ್ಮಾನಿಸುವಂತಿರಲಿಲ್ಲ.

ರಜೆ ಹಾಕಿ ಊರಿಗೆ ಹೋಗಲು ಯಾಕೆ ಹೇಳಲಿಲ್ಲ ಎಂದು ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು. ಬರ್ನ್‌ಔಟ್ ಇರಬೇಕು ಎಂಬುದು ಅವರ ಊಹೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿದೆ: ತೀರದ ದಣಿವು, ಕೆಲಸದ ಬಗ್ಗೆ ಬೇಸರ ಹುಟ್ಟಿ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಶರಣಮ್ಮನವರಿಗೆ ದಣಿವಿತ್ತು, ಉಳಿದೆರಡು ಇರಲಿಲ್ಲ. ಮೂರು ದಿನದಿಂದ ಏನೂ ಮುಟ್ಟದ ಅಜ್ಜಿಯೊಬ್ಬಳು ಅರ್ಧ ಬಟ್ಟಲು ಗಂಜಿ ಕುಡಿದದ್ದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು. ಅವರಿಗೆ ದಿನದಲ್ಲಿ ಮನುಷ್ಯರು ಸಿಗುತ್ತಿದ್ದ ಜಾಗವೇ ವಾರ್ಡು. ಅದನ್ನೂ ತಪ್ಪಿಸಿ ರಜೆ ಬರೆಸುವುದೆಂದರೆ ಊರಲ್ಲಿ ನಾಲ್ಕು ದಿನ ಕಳೆದು ಅದೇ ಕೋಣೆಗೆ ಮರಳುವುದು. ಅವರ ಮನೆಯವರು ಮದುವೆಯೇ ಮದ್ದು ಎಂದರು. ಗಂಡ, ಮಕ್ಕಳಿದ್ದೂ ಇದೇ ಸಂಕಟ ಹೇಳಿಕೊಂಡ ಸಿಸ್ಟರ್‌ಗಳನ್ನು ನಾನು ಕಂಡಿದ್ದೇನೆ. ಮನೆ ಎದ್ದಿರುವಾಗ ಇವರು ಮಲಗಿರುತ್ತಾರೆ, ಮನೆ ಮಲಗಿದಾಗ ಇವರು ಬೇರೆಯವರ ನಾಡಿ ಹಿಡಿದಿರುತ್ತಾರೆ. ಮದುವೆ ಬೇಕಾದರೆ ಆಗಲಿ, ಆದರೆ ಈ ನೋವಿಗೆ ಔಷಧಿಯೆಂದು ಬೇಡ ಎಂದು ಅವರ ತಾಯಿಗೂ ಹೇಳಿದೆ.

ನಾನು ಕೊಟ್ಟ ಸಲಹೆ ಚಿಕ್ಕದು. ಇನ್ನು ಮುಂದೆ ಒಬ್ಬರೇ ಇದ್ದಾಗ ಸೂಜಿ ಚುಚ್ಚಿಕೊಳ್ಳಬಾರದು, ಮೈ ಸರಿ ಇಲ್ಲದಾಗ ನೀವೂ ರೋಗಿ, ಡಾಕ್ಟರಿಗೆ ತೋರಿಸಬೇಕು. ತಾಯಿಗೆ ಫೋನ್ ಮಾಡಿದಾಗ “ಆರಾಮದೀನಿ” ಎಂಬ ಒಂದೇ ಮಾತಿಗೆ ನಿಲ್ಲಿಸದೆ, ಜ್ವರ ಬಂದಿದ್ದರೆ ಜ್ವರ ಎನ್ನಬೇಕು. ಮತ್ತು ಬಾಟ್ಲಿ ಮುಗಿಯಿತೆಂದು ಹೇಳುವ ಒಬ್ಬರನ್ನು ಈ ಊರಲ್ಲೇ ಹುಡುಕಿಕೊಳ್ಳಬೇಕು. ಹತ್ತು ಜನ ಬೇಡ, ಒಬ್ಬರು. ಯಾರಿದ್ದಾರೆ ಎಂದು ಇಬ್ಬರೂ ಯೋಚಿಸಿದೆವು. ಎರಡು ಓಣಿ ಆಚೆ ಸಿಂಧನೂರು ಕಡೆಯ ಇನ್ನೊಬ್ಬ ಸಿಸ್ಟರ್ ಇದ್ದರು. ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಕೇಸ್ ಶೀಟ್ ಕೊಟ್ಟು ತೆಗೆದುಕೊಂಡಷ್ಟೇ ಪರಿಚಯ. ತಿಂಗಳಲ್ಲಿ ಎರಡು ಆಫ್ ಆದರೂ ಅವರ ಜೊತೆಗೇ ಬರುವಂತೆ ಇನ್‌ಚಾರ್ಜ್ ಬಳಿ ಬಾಯಿಬಿಟ್ಟು ಕೇಳಿ ಎಂದೆ.

ನಡುರಾತ್ರಿಗೆ ನಾನು ಸಿಗುವುದಿಲ್ಲ, ಅದಕ್ಕೇ 14416 ಸಂಖ್ಯೆಯನ್ನೂ ಬರೆದುಕೊಟ್ಟೆ. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್. ದುಡ್ಡಿಲ್ಲದೆ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ಸಿಸ್ಟರ್‌ಗಳೂ ಬರೆದಿಟ್ಟುಕೊಳ್ಳಿ.

ಆಫ್ ಹೊಂದಿಸಲು ಇನ್‌ಚಾರ್ಜ್ ಮೊದಲು ಒಪ್ಪಲಿಲ್ಲ, ಆಮೇಲೆ ತಿಂಗಳಿಗೆ ಒಂದನ್ನು ಕೊಟ್ಟರು. ಕೊನೆಯ ಸಲ ಬಂದಾಗ ಶರಣಮ್ಮನವರಿಗೆ ನಿದ್ದೆ ಪೂರ್ತಿ ಸರಿಹೋಗಿರಲಿಲ್ಲ. ಇಬ್ಬರೂ ಒಂದೇ ಕೋಣೆ ಹಿಡಿಯುವ ಮಾತಾಗಿದೆ, ಅಡ್ವಾನ್ಸ್ ದುಡ್ಡು ಹೊಂದಿಲ್ಲ. ಸದ್ಯಕ್ಕೆ ಕೋಣೆಯ ಇನ್ನೊಂದು ಕೀಲಿ ಸಿಂಧನೂರಿನ ಸಿಸ್ಟರ್ ಹತ್ತಿರ ಇದೆ.